ಪಿಕಪ್ ಕೊಳ್ಳುವ ಮೊದಲು ಗಿಟಾರಿನ ವೈರಿಂಗ್ ನೋಡಿ

ಸಂಪಾದಕರಿಗೆ,

ಮಾನ್ಯರೇ,

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಹೊಸದುರ್ಗದವರೆಗೆ ಚರ್ಚಿನ ಗಾಯನ ತಂಡಗಳಲ್ಲಿ, ಗಾನಮೇಳಗಳಲ್ಲಿ, ಕಾಲೇಜು ಬ್ಯಾಂಡುಗಳಲ್ಲಿ ಈಗ ಎಲೆಕ್ಟ್ರಿಕ್ ಗಿಟಾರ್ ಸಾಮಾನ್ಯ. ನುಡಿಸುವವರ ದೂರೂ ಸಾಮಾನ್ಯ: ಸ್ವಿಚ್ಚನ್ನು ಎಲ್ಲಿಗೆ ಸರಿಸಿದರೂ ನಾದ ಹೆಚ್ಚುಕಡಿಮೆ ಒಂದೇ, ಟೋನ್ ಗುಂಡಿ ತಿರುಗಿಸಿದರೆ ಒಂದೋ ಏನೂ ಆಗುವುದಿಲ್ಲ, ಇಲ್ಲವೇ ಒಮ್ಮೆಲೇ ಮಸುಕು. ಇದಕ್ಕೆ ಹೆಚ್ಚಿನವರು ಕಂಡುಕೊಂಡ ಪರಿಹಾರ ಹೊಸ ಪಿಕಪ್, ಅಂದರೆ ತಂತಿಗಳ ಕೆಳಗೆ ಕೂತು ಅವುಗಳ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ. ಮಂಗಳೂರಿಗೆ ಹೋಗಿಯೋ ಆನ್‌ಲೈನಿನಲ್ಲೋ ತರಿಸುತ್ತಾರೆ, ಗಿಟಾರಿನ ಅರ್ಧ ಬೆಲೆಯಷ್ಟು ಹಣ ಅದಕ್ಕೇ ಹೋಗುತ್ತದೆ, ಕೂರಿಸಿದ ಮೇಲೆ ಅದೇ ದೂರು ಬೇರೆ ಧಾಟಿಯಲ್ಲಿ ಮುಂದುವರಿಯುತ್ತದೆ. ಗಿಟಾರ್ ರಿಪೇರಿಯ ಕೆಲಸ ಬಲ್ಲವರಾಗಿ ನಾವು ಹೇಳಬೇಕೆಂದಿರುವುದು ಇಷ್ಟೇ: ಪಿಕಪ್ ಬದಲಿಸುವುದು ಕೊನೆಯ ಕೆಲಸ. ಬೇರೆ ಬೇರೆ ನಾದಗಳು ಬಹುಪಾಲು ಸ್ವಿಚ್, ಪಾಟ್ (ಗುಂಡಿಯ ಕೆಳಗಿರುವ, ತಿರುಗಿಸಿ ಬದಲಿಸುವ ರೆಸಿಸ್ಟರ್), ಕೆಪಾಸಿಟರ್ ಮತ್ತು ಕೇಬಲ್ಲಿನಲ್ಲಿವೆ. ಈ ವಿಷಯ ಕನ್ನಡದಲ್ಲಿ ಓದಲು ಸಿಗುವುದು ಕಡಿಮೆ, ಆದ್ದರಿಂದ ಪತ್ರ ಸ್ವಲ್ಪ ಉದ್ದವಾಗಿದೆ, ಕ್ಷಮೆಯಿರಲಿ.

ಮೊದಲು ಏನನ್ನೂ ಬಿಚ್ಚದೆ ಅಳೆಯಬೇಕು. ಗಿಟಾರಿಗೆ ಕೇಬಲ್ ಚುಚ್ಚಿ, ಇನ್ನೊಂದು ತುದಿಯ ಪ್ಲಗ್ಗಿನ ಮೊನೆಗೂ ಬುಡದ ಲೋಹಕ್ಕೂ ಮಲ್ಟಿಮೀಟರಿನ ಎರಡು ಕಡ್ಡಿ ತಾಗಿಸಿ, 20 ಕಿಲೋಓಮ್ ರೇಂಜಿನಲ್ಲಿಡಿ. ವಾಲ್ಯೂಮ್, ಟೋನ್ ಎರಡೂ ಪೂರ್ತಿ ತೆರೆದಿರಲಿ. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ಪಾದರೆ ಸುಮಾರು 5.5ರಿಂದ 7 ಕಿಲೋಓಮ್ ತೋರಿಸಬೇಕು, ಹಂಬಕರ್ (ಎರಡು ಸುರುಳಿಯದ್ದು) ಆದರೆ 7.5ರಿಂದ 9, ಜೋರಾಗಿ ಸುತ್ತಿದ್ದಾದರೆ 14-16ರವರೆಗೂ ಹೋದೀತು. ಸ್ವಿಚ್ಚನ್ನು ಎರಡು ಪಿಕಪ್ ಒಟ್ಟಿಗೆ ಬರುವ ಜಾಗದಲ್ಲಿಟ್ಟರೆ ಅಂಕಿ ಅರ್ಧಕ್ಕಿಳಿಯಬೇಕು. ಇಳಿಯದಿದ್ದರೆ ಎರಡರಲ್ಲಿ ಒಂದು ಕೆಲಸ ಮಾಡುತ್ತಿಲ್ಲ. ಮೀಟರ್ ಅಂಕಿಯೇ ತೋರಿಸದಿದ್ದರೆ ಎಲ್ಲೋ ತಂತಿ ಬಿಟ್ಟಿದೆ, ಸೊನ್ನೆ ತೋರಿಸಿದರೆ ಎಲ್ಲೋ ಶಾರ್ಟ್ ಆಗಿದೆ. ಹೀಗೆ ಪ್ರತಿ ಸ್ಥಾನದ ಅಂಕಿಯನ್ನು ಬರೆದಿಟ್ಟುಕೊಂಡು, ಬಳಿಕ ಸ್ಕ್ರೂ ಬಿಚ್ಚಿ ಒಳಗಿನ ವೈರಿಂಗಿನ ಫೋಟೋ ಎರಡು ಕೋನದಿಂದ ತೆಗೆಯಿರಿ. ಈ ಎರಡು ದಾಖಲೆ ಇಲ್ಲದೆ ಬೆಸುಗೆಯ ಐರನ್ ಬಿಸಿ ಮಾಡುವುದು ಬೇಡ. ಪಿಕಪ್ ಸತ್ತಿದೆ ಎಂದು ಬರುವ ಗಿಟಾರುಗಳಲ್ಲಿ ಹೆಚ್ಚಿನವಕ್ಕೆ ಕೇಬಲ್ ಚುಚ್ಚುವ ಜ್ಯಾಕಿನ ಬೆಸುಗೆ ಬಿಟ್ಟಿರುತ್ತದೆ ಅಷ್ಟೇ.

ನಾದ ಹುಟ್ಟುವ ಬಗೆ ತಿಳಿದರೆ ಉಳಿದದ್ದು ಸುಲಭ. ಪಿಕಪ್ ಎಂದರೆ ಆಯಸ್ಕಾಂತದ ಸುತ್ತ ಸಾವಿರಾರು ಸುತ್ತು ತಾಮ್ರದ ತಂತಿ. ಅದಕ್ಕೊಂದು ಇಂಡಕ್ಟನ್ಸ್ ಇದೆ, ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ (ಸ್ಟ್ರಾಟ್) ಗಿಟಾರಿನ ಬಗೆಯ ಸಿಂಗಲ್ ಕಾಯಿಲಿಗೆ ಹೆಚ್ಚುಕಡಿಮೆ 2.4 ಹೆನ್ರಿ. ಕೇಬಲ್ಲಿಗೆ ಕೆಪಾಸಿಟನ್ಸ್ ಇದೆ, ಮೀಟರಿಗೆ ಸುಮಾರು 100 ಪಿಕೋಫ್ಯಾರಡ್. ಇವೆರಡೂ ಸೇರಿ ಒಂದು ಕಂಪನಾಂಕದಲ್ಲಿ ಧ್ವನಿಯನ್ನು ಎತ್ತಿ ಹಿಡಿಯುತ್ತವೆ, ಅದಕ್ಕಿಂತ ಮೇಲಿನದನ್ನು ಕತ್ತರಿಸುತ್ತವೆ. ಆರು ಮೀಟರ್ ಕೇಬಲ್ ಹಾಕಿದರೆ ಆ ಶಿಖರ 4,000 ಹರ್ಟ್ಸ್ ಆಸುಪಾಸಿನಲ್ಲಿ ಬೀಳುತ್ತದೆ. ಗಿಟಾರಿನ ನಾದ ಚೂಪೋ ದುಂಡೋ ಎಂದು ಕಿವಿಗೆ ತೋರುವುದು ಬಹುಮಟ್ಟಿಗೆ ಈ ಶಿಖರ ಎಲ್ಲಿದೆ, ಎಷ್ಟು ಎತ್ತರವಿದೆ ಎಂಬುದರಿಂದ. ಕೇಬಲ್ಲನ್ನು ಮೂರು ಮೀಟರಿಗಿಳಿಸಿದರೆ ಶಿಖರ ಮೇಲೇರಿ ನಾದ ಚೂಪಾಗುತ್ತದೆ, ಅಂದರೆ ಖರ್ಚಿಲ್ಲದೆ ಒಂದು ಹೊಸ ನಾದ. ಶಿಖರವನ್ನು ಕೆಳಗಿಳಿಸಲು ಸಣ್ಣ ಕೆಪಾಸಿಟರುಗಳು ಸಾಕು. ಒಂದು ಟೋನ್ ಪಾಟ್ ತೆಗೆದು ಆ ತೂತಿನಲ್ಲಿ ರೋಟರಿ ಸ್ವಿಚ್ ಕೂರಿಸಿ, ಅದರ ನಡುವಿನ ಕಾಲನ್ನು ವಾಲ್ಯೂಮಿನ ಒಳಬರುವ ಕಾಲಿಗೆ ಜೋಡಿಸಿ. ಹೊರಗಿನ ಕಾಲುಗಳಲ್ಲಿ ಮೊದಲನೆಯದು ಖಾಲಿ, ನಂತರದವಕ್ಕೆ 1, 2.2 ಮತ್ತು 4.7 ನ್ಯಾನೋಫ್ಯಾರಡ್ ಕೆಪಾಸಿಟರ್, ಅವುಗಳ ಇನ್ನೊಂದು ತುದಿಗಳೆಲ್ಲ ಗ್ರೌಂಡಿಗೆ (ಪ್ಲಗ್ಗಿನ ಬುಡದ ಲೋಹಕ್ಕೆ ಸೇರುವ ಬದಿಗೆ). ಆಗ ಶಿಖರ ಕ್ರಮವಾಗಿ 2,500, 1,900, 1,400 ಹರ್ಟ್ಸ್ ಸುತ್ತ ಬಂದು ನಿಲ್ಲುತ್ತದೆ. ಇದು ಟೋನ್ ಗುಂಡಿ ಇಳಿಸಿದ ಹಾಗಲ್ಲ. ಟೋನ್ ಇಳಿಸುತ್ತ ಹೋದಂತೆ ಶಿಖರವೇ ತಗ್ಗಿ ನಾದ ಮಂಕಾಗುತ್ತದೆ, ಇಲ್ಲಿ ಶಿಖರ ಉಳಿದುಕೊಂಡು ಜಾಗ ಮಾತ್ರ ಬದಲಾಗುತ್ತದೆ. ಸಿಂಗಲ್ ಕಾಯಿಲ್ ಗಿಟಾರಿನಿಂದ ಹಂಬಕರಿನ ಹತ್ತಿರದ ದುಂಡು ನಾದ ಬೇಕಾದವರಿಗೆ ನಮ್ಮ ಮೊದಲ ಸಲಹೆ ಇದೇ. ಕೆಪಾಸಿಟರುಗಳಿಗೆ ಬೀಳುವ ಖರ್ಚು ಕೆಲವೇ ರೂಪಾಯಿ.

ಕೆಪಾಸಿಟರಿನ ಮೈಮೇಲಿನ ಅಂಕಿ ಓದಲು ಬಾರದೆ ತಪ್ಪುವವರು ಬಹಳ. 102 ಎಂದರೆ 1 ನ್ಯಾನೋಫ್ಯಾರಡ್, 223 ಎಂದರೆ 0.022 ಮೈಕ್ರೋಫ್ಯಾರಡ್, 473 ಎಂದರೆ 0.047, 104 ಎಂದರೆ 0.1. ಟೋನಿಗೆ ಹಂಬಕರ್ ಗಿಟಾರಿನಲ್ಲಿ 223, ಸಿಂಗಲ್ ಕಾಯಿಲಿನಲ್ಲಿ 473 ರೂಢಿ. ಅಗ್ಗದ ಗಿಟಾರುಗಳಲ್ಲಿ 104 ಹಾಕಿದ್ದರೆ ಗುಂಡಿ ಇಳಿಸಿದಾಗ ಕಂಬಳಿ ಹೊದೆಸಿದಂಥ ಶಬ್ದ ಬರುತ್ತದೆ. ಎಣ್ಣೆ ಕಾಗದದ ಹಳೆಯ ಕೆಪಾಸಿಟರ್ ಎಂದು ಹತ್ತಾರು ಪಟ್ಟು ಬೆಲೆಗೆ ಮಾರುವವರಿದ್ದಾರೆ. ಬೆಲೆ ಏನೇ ಇರಲಿ, ಅಳತೆ ಒಂದೇ ಆದರೆ ಈ ಜಾಗದಲ್ಲಿ ಕಿವಿಗೆ ವ್ಯತ್ಯಾಸ ತಿಳಿಯದು.

ಪಾಟಿನ ವಿಷಯ ಇದಕ್ಕಿಂತ ಮುಖ್ಯ. ಸಿಂಗಲ್ ಕಾಯಿಲಿಗೆ 250 ಕಿಲೋಓಮ್, ಹಂಬಕರಿಗೆ 500 ಎಂಬುದು ಸುಮ್ಮನೆ ಬಂದ ಸಂಪ್ರದಾಯವಲ್ಲ. ಪಾಟ್ ಪಿಕಪ್ಪಿಗೆ ಅಡ್ಡಲಾಗಿ ಕೂತಿರುವ ಹೊರೆ, ಓಮ್ ಕಡಿಮೆಯಾದಷ್ಟೂ ಮೇಲೆ ಹೇಳಿದ ಶಿಖರ ತಗ್ಗುತ್ತದೆ. ಹಂಬಕರಿಗೆ 250 ಹಾಕಿದರೆ ಮಂಕು, ಸಿಂಗಲ್ ಕಾಯಿಲಿಗೆ 500 ಹಾಕಿದರೆ ಕಿವಿ ಚುಚ್ಚುತ್ತದೆ. ಬ್ರಿಡ್ಜಿನಲ್ಲಿ (ತಂತಿಗಳ ಬುಡದ ಆಸರೆಯ ಬಳಿ) ಹಂಬಕರ್, ಉಳಿದೆರಡು ಸಿಂಗಲ್ ಇರುವ ಗಿಟಾರಿಗೆ 500ರ ವಾಲ್ಯೂಮ್ ಹಾಕಿ, ಸಿಂಗಲ್ ಕಾಯಿಲುಗಳ ಎರಡು ತಂತಿಗಳ ನಡುವೆ 470 ಕಿಲೋಓಮ್ ರೆಸಿಸ್ಟರ್ ಕೊಟ್ಟರೆ ಎರಡಕ್ಕೂ ನ್ಯಾಯ ಸಲ್ಲುತ್ತದೆ. ಪಾಟಿನ ಬೆನ್ನಿನ ಅಕ್ಷರವನ್ನೂ ನೋಡಿ. ಈಗ ಬರುವ ಏಷ್ಯಾದ ಮಾಲಿನಲ್ಲಿ ‘ಎ’ ಎಂದರೆ ಆಡಿಯೋ ಟೇಪರ್ (ಶಬ್ದ ಕಿವಿಗೆ ಸಮನಾಗಿ ಏರಿಳಿಯುವುದು), ‘ಬಿ’ ಎಂದರೆ ಲೀನಿಯರ್ (ಓಮ್ ಸಮನಾಗಿ ಏರಿಳಿಯುವುದು). ವಾಲ್ಯೂಮಿಗೆ ‘ಬಿ’ ಹಾಕಿದರೆ ಹತ್ತರಿಂದ ಮೂರರವರೆಗೆ ಶಬ್ದ ಇಳಿದದ್ದೇ ಗೊತ್ತಾಗುವುದಿಲ್ಲ, ಆಮೇಲೆ ಧೊಪ್ಪೆಂದು ಬೀಳುತ್ತದೆ. ಇದಕ್ಕೆ ಪಿಕಪ್ಪನ್ನು ದೂರಿ ಪ್ರಯೋಜನವಿಲ್ಲ. ಪಾಟಿನ ಮೇಲೆ 250 ಎಂದು ಬರೆದಿದ್ದರೂ ಒಳಗೆ 200 ಇರಬಹುದು, 300 ಇರಬಹುದು, ಶೇ. 20ರ ಹೆಚ್ಚುಕಡಿಮೆ ತಯಾರಕರೇ ಒಪ್ಪಿಕೊಂಡದ್ದು. ನಾಲ್ಕು ಕೊಂಡು ಮೀಟರಿನಲ್ಲಿ ಅಳೆದು ಒಳ್ಳೆಯದನ್ನು ವಾಲ್ಯೂಮಿಗೆ ಇಡಿ. ಕೊಳ್ಳುವಾಗ ಎರಡು ಅಳತೆ ಕೇಳಿ: ಅಮೆರಿಕದ ಮಾದರಿಯ ದೊಡ್ಡ ಪಾಟಿನ ಕುತ್ತಿಗೆಗೆ 9.5 ಮಿಲಿಮೀಟರ್ ತೂತು ಬೇಕು, ನಮ್ಮಲ್ಲಿ ಬರುವ ಹೆಚ್ಚಿನ ಗಿಟಾರುಗಳಲ್ಲಿ ಇರುವುದು 7-8 ಮಿಲಿಮೀಟರ್. ದಂಟಿನ ಹಲ್ಲು ಒಂದರಲ್ಲಿ 24, ಇನ್ನೊಂದರಲ್ಲಿ 18, ಹಾಗಾಗಿ ಹಳೆಯ ಗುಂಡಿ ಕೂರದು. ತೂತು ದೊಡ್ಡದು ಮಾಡಬೇಕಾದರೆ ಉರುಟು ಅರದಿಂದ ನಿಧಾನಕ್ಕೆ ಉಜ್ಜಿ. ಡ್ರಿಲ್ ಇಟ್ಟರೆ ಬಿಟ್ ಕಚ್ಚಿಕೊಂಡು ಪ್ಲಾಸ್ಟಿಕ್ ಹಲಗೆ ಸೀಳುತ್ತದೆ.

ವಾಲ್ಯೂಮ್ ಇಳಿಸಿದಾಗ ನಾದದ ಹೊಳಪು ಹೋಗುತ್ತದೆ ಎನ್ನುವವರು ಆ ಪಾಟಿನ ಒಳಬರುವ ಕಾಲಿಗೂ ನಡುವಿನ ಕಾಲಿಗೂ ನಡುವೆ 1 ನ್ಯಾನೋಫ್ಯಾರಡ್ ಕೆಪಾಸಿಟರ್ ಮತ್ತು 150 ಕಿಲೋಓಮ್ ರೆಸಿಸ್ಟರನ್ನು ಪಕ್ಕಪಕ್ಕ ಜೋಡಿಸಿ ಹಾಕಲಿ. ಕೆಪಾಸಿಟರ್ ಒಂದನ್ನೇ ಹಾಕಿದರೆ ಇಳಿಸಿದಷ್ಟೂ ಶಬ್ದ ತಗಡಿನಂತೆ ಸಪುರವಾಗುತ್ತದೆ.

ಇನ್ನು ಸ್ವಿಚ್. ಸ್ಟ್ರಾಟೊಕಾಸ್ಟರ್ 1954ರಲ್ಲಿ ಬಂದಾಗ ಅದಕ್ಕಿದ್ದದ್ದು ಮೂರು ಸ್ಥಾನದ ಸ್ವಿಚ್. ನುಡಿಸುವವರು ಅದನ್ನು ಎರಡರ ನಡುವೆ ಸಿಕ್ಕಿಸಿ ನಿಲ್ಲಿಸಿ ಹೊಸ ನಾದ ತೆಗೆಯುತ್ತಿದ್ದರು, ಕಂಪನಿ ಐದು ಸ್ಥಾನದ ಸ್ವಿಚ್ ಕೊಟ್ಟದ್ದು 1977ರಲ್ಲಿ. ಅದರಲ್ಲೂ ನೆಕ್ (ಗಿಟಾರಿನ ಕುತ್ತಿಗೆಯ ಬದಿಯ ಪಿಕಪ್) ಮತ್ತು ಬ್ರಿಡ್ಜ್ ಒಟ್ಟಿಗೆ, ಮೂರೂ ಒಟ್ಟಿಗೆ ಎಂಬ ಎರಡು ಜೋಡಣೆ ಇಲ್ಲ. ಅವನ್ನು ಪಡೆಯಲು ಎರಡನೇ ಟೋನ್ ಪಾಟಿನ ಬದಲು ಎಳೆದು ಒತ್ತುವ ಪುಷ್-ಪುಲ್ ಪಾಟ್ ಕೂರಿಸಿ. ಅದರ ಸ್ವಿಚ್ಚಿನ ನಡುಕಾಲಿಗೆ ನೆಕ್ ಪಿಕಪ್ಪಿನ ಬಿಸಿ ತಂತಿಯಿಂದ (ಹಾಟ್, ಅಂದರೆ ಸಂಕೇತ ಒಯ್ಯುವ ತಂತಿ) ಒಂದು ಎಳೆ, ಎಳೆದಾಗ ಸೇರುವ ಕಾಲಿನಿಂದ ವಾಲ್ಯೂಮಿನ ಒಳಬರುವ ಕಾಲಿಗೆ ಇನ್ನೊಂದು ಎಳೆ. ಎರಡೇ ತಂತಿ, ಐದು ನಾದ ಏಳಾಗುತ್ತದೆ. ಒತ್ತಿದಾಗ ಹಳೆಯ ಗಿಟಾರ್ ಹಾಗೇ ಉಳಿಯುತ್ತದೆ, ಹಾಗಾಗಿ ಹೊಸಬರಿಗೂ ಭಯವಿಲ್ಲ. ಪುಷ್-ಪುಲ್ ಪಾಟ್ ಉದ್ದ ಜಾಸ್ತಿ, ಕುಳಿಯ ಆಳ ಮೊದಲೇ ಅಳೆದುಕೊಳ್ಳಿ. ಬ್ರಿಡ್ಜ್ ಪಿಕಪ್ಪಿಗೆ ಟೋನ್ ಇಲ್ಲದಿರುವುದು ಹಳೆಯ ಸ್ಟ್ರಾಟ್ ವೈರಿಂಗಿನ ದೊಡ್ಡ ಕೊರತೆ. ಸ್ವಿಚ್ಚಿನ ಟೋನ್ ಬದಿಯಲ್ಲಿ ಮಿಡ್ಲ್ ಪಿಕಪ್ಪಿನ ಕಾಲಿಗೂ ಬ್ರಿಡ್ಜಿನ ಕಾಲಿಗೂ ಅರ್ಧ ಅಂಗುಲದ ತಂತಿ ಬೆಸೆದರೆ ಅದೂ ತೀರುತ್ತದೆ.

ಇಲ್ಲೊಂದು ಎಚ್ಚರಿಕೆ. ಎಲ್ಲ ಕಡೆ ಸಿಗುವ ವೈರಿಂಗ್ ಚಿತ್ರಗಳು ಅಮೆರಿಕದ ತೆರೆದ ಸ್ವಿಚ್ಚಿನವು. ಇಲ್ಲಿನ ಗಿಟಾರುಗಳಲ್ಲಿರುವುದು ಎಂಟು ಕಾಲು ಒಂದೇ ಸಾಲಿನಲ್ಲಿರುವ ಮುಚ್ಚಿದ ಸ್ವಿಚ್, ಕಾಲುಗಳ ಕ್ರಮ ತಯಾರಕರಿಂದ ತಯಾರಕರಿಗೆ ಬೇರೆ. ಚಿತ್ರ ನಂಬಿ ಬೆಸೆದರೆ ಕೆಲವು ಸ್ಥಾನದಲ್ಲಿ ಶಬ್ದವೇ ಇರುವುದಿಲ್ಲ. ಮೀಟರನ್ನು ಬೀಪ್ ಮಾಡುವ ರೇಂಜಿನಲ್ಲಿಟ್ಟು, ಐದೂ ಸ್ಥಾನದಲ್ಲಿ ಯಾವ ಕಾಲು ಯಾವುದಕ್ಕೆ ಸೇರುತ್ತದೆ ಎಂದು ಕಾಗದದಲ್ಲಿ ಬರೆದುಕೊಂಡೇ ಮುಂದುವರಿಯಿರಿ. ಪುಷ್-ಪುಲ್ ಪಾಟಿಗೂ ಇದೇ ಮಾತು.

ಹಂಬಕರ್ ಇರುವವರಿಗೆ ದಾರಿ ಇನ್ನೂ ಹೆಚ್ಚು, ಆದರೆ ಪಿಕಪ್ಪಿನಿಂದ ನಾಲ್ಕು ತಂತಿ ಹೊರಬಂದಿರಬೇಕು. ಗುಂಯ್‌ಗುಡುವಿಕೆ ನೀಗಿಸಲು ಎರಡು ಕಾಯಿಲನ್ನು ಎದುರುಬದುರು ಜೋಡಿಸಿ ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ರೂಪಿಸಿದ ಪಿಕಪ್ ಇದು, ಗಿಟಾರುಗಳಲ್ಲಿ ಬಂದದ್ದು 1957ರಲ್ಲಿ. ತಂತಿಯ ಬಣ್ಣ ಕಂಪನಿಗೊಂದು. ಸೀಮೋರ್ ಡಂಕನ್ನಿನಲ್ಲಿ ಕಪ್ಪು ಬಿಸಿ, ಹಸಿರು ಗ್ರೌಂಡ್, ಕೆಂಪು-ಬಿಳಿ ಎರಡನ್ನೂ ಸೇರಿಸಿ ಮುಚ್ಚುವುದು. ಡಿಮಾರ್ಜಿಯೋದಲ್ಲಿ ಕೆಂಪು ಬಿಸಿ, ಹಸಿರು ಗ್ರೌಂಡ್, ಕಪ್ಪು-ಬಿಳಿ ಸೇರಿಸುವುದು. ಒಂದರ ಬಣ್ಣ ಇನ್ನೊಂದಕ್ಕೆ ಹಚ್ಚಿದರೆ ಸಪ್ಪೆ ನಾದವೋ ಮೌನವೋ ಗ್ಯಾರಂಟಿ. ಸಾಮಾನ್ಯವಾಗಿ ಎಲ್ಲರೂ ಮಾಡುವುದು ಕಾಯಿಲ್ ಸ್ಪ್ಲಿಟ್: ಆ ಸೇರಿಸಿದ ಜೋಡಿಯನ್ನು ಪುಷ್-ಪುಲ್ ಮೂಲಕ ಗ್ರೌಂಡಿಗೆ ಕೊಟ್ಟರೆ ಒಂದು ಕಾಯಿಲ್ ಮಾತ್ರ ಉಳಿಯುತ್ತದೆ. ಆದರೆ ಶಬ್ದ ಕುಗ್ಗುತ್ತದೆ, ಗುಂಯ್ ಸದ್ದು ಮರಳುತ್ತದೆ. ಗ್ರೌಂಡಿಗೆ ನೇರ ಕೊಡುವ ಬದಲು ನಡುವೆ 2.2 ಕಿಲೋಓಮ್ ರೆಸಿಸ್ಟರ್ ಇಟ್ಟರೆ ಎರಡನೇ ಕಾಯಿಲ್ ಸ್ವಲ್ಪ ಉಳಿದು ನಾದ ತುಂಬಿಕೊಳ್ಳುತ್ತದೆ.

ನಮ್ಮ ಮತ ಕೇಳಿದರೆ ಸ್ಪ್ಲಿಟ್ಟಿಗಿಂತ ಪ್ಯಾರಲಲ್ (ಎರಡು ಕಾಯಿಲನ್ನು ಅಕ್ಕಪಕ್ಕ ಜೋಡಿಸುವುದು) ಮೇಲು. ಎರಡೂ ಕಾಯಿಲ್ ಕೆಲಸ ಮಾಡುತ್ತಿರುವುದರಿಂದ ಗುಂಯ್ ಸದ್ದು ಬಾರದು, ನಾದ ಮಾತ್ರ ತಿಳಿಯಾಗುತ್ತದೆ. ಜಾತ್ರೆಯ ವೇದಿಕೆಯಲ್ಲಿ ಟ್ಯೂಬ್‌ಲೈಟು, ಸೀರಿಯಲ್ ಸೆಟ್ಟುಗಳ ನಡುವೆ ನುಡಿಸುವವರಿಗೆ ಇದು ಬಹಳ ಉಪಯೋಗ. ಡಂಕನ್ ಬಣ್ಣದಲ್ಲಿ ಹೇಳುವುದಾದರೆ, ಪುಷ್-ಪುಲ್ಲಿನ ಎರಡು ನಡುಕಾಲುಗಳಿಗೆ ಬಿಳಿ ಒಂದಕ್ಕೆ, ಕೆಂಪು ಇನ್ನೊಂದಕ್ಕೆ. ಒತ್ತಿದಾಗ ಸೇರುವ ಎರಡು ಕಾಲುಗಳನ್ನು ಪರಸ್ಪರ ಬೆಸೆಯಿರಿ, ಅದು ಸೀರೀಸ್ (ಕಾಯಿಲುಗಳು ಒಂದರ ಹಿಂದೊಂದು). ಎಳೆದಾಗ ಸೇರುವ ಕಾಲುಗಳಲ್ಲಿ ಬಿಳಿಯ ಬದಿಯದ್ದನ್ನು ಗ್ರೌಂಡಿಗೆ, ಕೆಂಪಿನ ಬದಿಯದ್ದನ್ನು ಕಪ್ಪು ತಂತಿಗೆ ಕೊಡಿ, ಅದು ಪ್ಯಾರಲಲ್. ಕಪ್ಪು ಎಂದಿನಂತೆ ಬಿಸಿ, ಹಸಿರು ಗ್ರೌಂಡ್. ಮುಗಿದ ಮೇಲೆ ಅಳೆದರೆ ಸೀರೀಸಿನಲ್ಲಿ 8 ಇದ್ದದ್ದು ಪ್ಯಾರಲಲ್ಲಿನಲ್ಲಿ 2 ಕಿಲೋಓಮ್ ತೋರಿಸಬೇಕು. ಒಂದೇ ತಂತಿ ಮತ್ತು ಹೊರಜಾಳಿಗೆ ಮಾತ್ರ ಇರುವ ಹಂಬಕರಿನಲ್ಲಿ ಇದ್ಯಾವುದೂ ಆಗದು. ಅದನ್ನು ಬಿಚ್ಚಿ ನಾಲ್ಕು ತಂತಿ ಮಾಡಲು ಹೋಗಬೇಡಿ, ಒಳಗಿನ ತಂತಿ 0.063 ಮಿಲಿಮೀಟರ್ ದಪ್ಪ, ಉಗುರು ತಾಗಿದರೂ ತುಂಡಾಗುತ್ತದೆ.

ಇಷ್ಟೆಲ್ಲ ಮಾಡಿಯೂ ತೃಪ್ತಿ ಇಲ್ಲದಿದ್ದರೆ ಆಗ ಪಿಕಪ್ ಕೊಳ್ಳಿ. ಕೊಳ್ಳುವ ಮೊದಲು ಹಳೆಯ ಪಿಕಪ್ಪಿನಲ್ಲಿ ದಪ್ಪ ತಂತಿಯ ಕೆಳಗಿನ ಲೋಹದ ಮೊಳೆಯಿಂದ ಸಪುರ ತಂತಿಯ ಕೆಳಗಿನ ಮೊಳೆಗೆ ಎಷ್ಟು ಅಗಲ ಎಂದು ಅಳೆಯಿರಿ. ಸ್ಟ್ರಾಟ್ ಬಗೆಯಲ್ಲಿ 48, 50, 52 ಮಿಲಿಮೀಟರ್ ಮೂರೂ ಉಂಟು, ತಪ್ಪಿದರೆ ಹಳೆಯ ಮುಚ್ಚಳ ಕೂರದು. ಬೇರೆ ಬೇರೆ ತಯಾರಕರ ಪಿಕಪ್ ಬೆರೆಸಿದಾಗ ಫೇಸ್ (ಸಂಕೇತದ ದಿಕ್ಕು) ತಿರುಗುವುದು ಸಾಮಾನ್ಯ: ಒಂಟಿಯಾಗಿ ಎರಡೂ ಚೆನ್ನ, ಒಟ್ಟಿಗೆ ಹಾಕಿದರೆ ಮಂದ್ರವೇ ಇಲ್ಲದ ಮೂಗಿನ ಸ್ವರ. ಬೆಸೆಯುವ ಮೊದಲೇ ಪರೀಕ್ಷಿಸಬಹುದು. ಪಿಕಪ್ಪಿನ ಎರಡು ತಂತಿಗೆ ಮೀಟರ್ ಹಚ್ಚಿ ಓಮಿನಲ್ಲಿಡಿ, ಸ್ಕ್ರೂಡ್ರೈವರನ್ನು ಮೊಳೆಗೆ ತಾಗಿಸಿ ಫಕ್ಕನೆ ಎಳೆಯಿರಿ. ಅಂಕಿ ಒಂದು ಕ್ಷಣ ಏರುತ್ತದೆ ಅಥವಾ ಇಳಿಯುತ್ತದೆ. ಕೆಂಪು ಕಡ್ಡಿ ಬಿಸಿ ತಂತಿಗೆ ಎಂಬುದು ಬದಲಾಗದೆ ಎಲ್ಲ ಪಿಕಪ್ಪುಗಳೂ ಒಂದೇ ದಿಕ್ಕಿಗೆ ಹೋದರೆ ಸರಿ. ಒಂದು ಉಲ್ಟಾ ಹೋದರೆ ಅದರ ಎರಡು ತಂತಿ ಅದಲುಬದಲು ಮಾಡಿ. ಆದರೆ ಲೋಹದ ಮುಚ್ಚಳ ಇರುವ ಪಿಕಪ್ಪಾದರೆ ಮೊದಲು ಮುಚ್ಚಳಕ್ಕೆ ಹೋದ ಗ್ರೌಂಡ್ ತಂತಿ ಬೇರ್ಪಡಿಸಿ ಅದಕ್ಕೆ ಪ್ರತ್ಯೇಕ ತಂತಿ ಕೊಡಿ, ಇಲ್ಲದಿದ್ದರೆ ಮುಚ್ಚಳವೇ ಬಿಸಿ ತಂತಿಗೆ ಸೇರಿ ಕೈ ತಾಗಿದಾಗಲೆಲ್ಲ ಕಿರಿಚುತ್ತದೆ. ಎತ್ತರ ಹೊಂದಿಸಲು ತಂತಿಯನ್ನು ಕೊನೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿದು, ಸಿಂಗಲ್ ಕಾಯಿಲಿಗೆ ದಪ್ಪ ತಂತಿಯ ಬದಿ 2.5, ಸಪುರ ಬದಿ 2 ಮಿಲಿಮೀಟರಿನಿಂದ ಆರಂಭಿಸಿ. ಜೋರು ಬೇಕೆಂದು ತೀರಾ ಮೇಲೆತ್ತಿದರೆ ಆಯಸ್ಕಾಂತ ತಂತಿಯನ್ನು ಎಳೆದು ಮೇಲಿನ ಸ್ವರಗಳು ಅಪಸ್ವರವಾಗುತ್ತವೆ. ಎತ್ತರದಿಂದಲೇ ಸರಿಹೋಗಬಹುದಾಗಿದ್ದ ನಾದಕ್ಕೆ ಹೊಸ ಪಿಕಪ್ ಕೊಂಡವರು ಕಡಿಮೆಯಿಲ್ಲ.

ಬೆಸುಗೆಗೆ 60/40 ಸೋಲ್ಡರ್, 0.8 ಮಿಲಿಮೀಟರಿನದ್ದು. 25 ವ್ಯಾಟ್ ಐರನ್ ಕಾಲುಗಳಿಗೆ ಸಾಕು, ಪಾಟಿನ ಬೆನ್ನಿಗೆ ಸಾಲದು. ಆ ತಗಡು ಬಿಸಿಯನ್ನೆಲ್ಲ ಹೀರಿಕೊಳ್ಳುತ್ತದೆ, ಹಿಡಿಯುತ್ತಿಲ್ಲವೆಂದು ಅರ್ಧ ನಿಮಿಷ ಒತ್ತಿ ಹಿಡಿದರೆ ಒಳಗಿನ ಕಾರ್ಬನ್ ಪಟ್ಟಿ ಸುಟ್ಟುಹೋಗುತ್ತದೆ. ಬೆನ್ನನ್ನು ಮರಳು ಕಾಗದದಿಂದ ಉಜ್ಜಿ, 60 ವ್ಯಾಟ್ ಐರನ್ನಿನ ಅಗಲ ಮೊನೆಯಿಂದ ಮೂರು ನಾಲ್ಕು ಸೆಕೆಂಡಿನಲ್ಲಿ ಮುಗಿಸಿ. ಪಾತ್ರೆ, ತಗಡಿನ ಕೆಲಸಕ್ಕೆ ಬಳಸುವ ಆಸಿಡ್ ಫ್ಲಕ್ಸ್ ಖಂಡಿತ ಬೇಡ. ನಮ್ಮ ಕಡಲ ಬದಿಯ ಹವೆಯಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೆಸುಗೆ ಹಸಿರು ಹಿಡಿಯುತ್ತದೆ.

ಮಳೆಗಾಲದ ಮಾತು ಬಂತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಕರಕರ ಎನ್ನುವ ಪಾಟು, ಆಗಾಗ ಸಾಯುವ ಸ್ವಿಚ್ ಹೆಚ್ಚಿನಂಶ ಆರ್ದ್ರತೆಯ ಫಲ. ಎಲೆಕ್ಟ್ರಾನಿಕ್ಸ್ ಅಂಗಡಿಯ ಕಾಂಟ್ಯಾಕ್ಟ್ ಕ್ಲೀನರ್ ಕಾಲುಗಳ ಸಂದಿನಿಂದ ಒಳಗೆ ಹಾಯಿಸಿ ಇಪ್ಪತ್ತು ಸಲ ತಿರುಗಿಸಿದರೆ ಸಾಕು. ತುಕ್ಕು ಬಿಡಿಸುವ ಎಣ್ಣೆಯ ಸ್ಪ್ರೇ ಹೊಡೆದರೆ ಅಂಟಿನ ಮೇಲೆ ಧೂಳು ಕೂತು ಮೊದಲಿಗಿಂತ ಕಡೆಯಾಗುತ್ತದೆ. ಕುಳಿಗೆ ತಾಮ್ರದ ಹಾಳೆ ಅಂಟಿಸಿ ಗ್ರೌಂಡ್ ಮಾಡಿದರೆ ಚರಚರ ಸದ್ದು ಕಡಿಮೆಯಾಗುತ್ತದೆ, ಆದರೆ ಸಿಂಗಲ್ ಕಾಯಿಲಿನ 50 ಹರ್ಟ್ಸ್ ಗುಂಯ್ ಪೂರ್ತಿ ಹೋಗದು, ಅದು ಕಾಂತಕ್ಷೇತ್ರದಿಂದ ಬರುವಂಥದು. ಹಾಳೆ ಹಚ್ಚಿದ ಮೇಲೆ ಶಬ್ದವೇ ಬರದಿದ್ದರೆ ಜ್ಯಾಕಿನ ಮೊನೆಯ ಪಟ್ಟಿ ಅಥವಾ ಸ್ವಿಚ್ಚಿನ ಕಾಲು ಹಾಳೆಗೆ ತಾಗಿದೆಯೇ ಎಂದು ಮೊದಲು ನೋಡಿ.

ತಮ್ಮ ಪತ್ರಿಕೆಯ ಯುವಜನರ ಪುಟದಲ್ಲಿ ಇಂಥ ಕೈಕೆಲಸಗಳ ವೈರಿಂಗ್ ಚಿತ್ರಗಳನ್ನು ಕನ್ನಡ ವಿವರಣೆಯೊಂದಿಗೆ ಆಗಾಗ ಪ್ರಕಟಿಸಬೇಕೆಂದು ವಿನಂತಿ. ಕನ್ನಡ ಮಾಧ್ಯಮದಲ್ಲಿ ಓದಿ ಐಟಿಐ ಸೇರಿದ ಮಕ್ಕಳಿಗೆ ಸೋಲ್ಡರಿಂಗ್, ಮೀಟರ್ ಎರಡೂ ಗೊತ್ತು. ಕೊರತೆ ಇರುವುದು ಓದಲು ಸಿಗುವ ಬರಹದ್ದು.

ಗಾನಮೇಳ, ಹಬ್ಬಗಳ ವೇದಿಕೆ ಕಟ್ಟುವ ಸಮಿತಿಗಳಿಗೂ ಒಂದು ಮಾತು. ಗಿಟಾರಿನ ಬ್ರಿಡ್ಜಿನಿಂದ ಒಂದು ತಂತಿ ಗ್ರೌಂಡಿಗೆ ಹೋಗಿರುತ್ತದೆ, ಅಂದರೆ ನುಡಿಸುವವರ ಬೆರಳು ಆಂಪ್ಲಿಫೈಯರಿನ ಅರ್ಥಿಗೆ ಸದಾ ಜೋಡಿಸಿಕೊಂಡಿರುತ್ತದೆ. ಆಂಪ್ಲಿಫೈಯರ್ ಒಂದು ಲೈನಿನಲ್ಲಿ, ಮೈಕಿನ ಮಿಕ್ಸರ್ ಜನರೇಟರಿನಲ್ಲಿ, ಯಾವುದೋ ಪ್ಲಗ್ಗಿನ ಅರ್ಥ್ ಪಿನ್ ಮುರಿದು ಹಾಕಿದ್ದು – ಹೀಗಿದ್ದಾಗ ಮೈಕಿಗೆ ತುಟಿ ತಾಗಿಸುವವರ ಮೈಯೇ ಎರಡರ ನಡುವಿನ ಸೇತುವೆ. ಗುಂಯ್ ಸದ್ದು ಕಡಿಮೆ ಮಾಡಲೆಂದು ಅರ್ಥ್ ಪಿನ್ ತೆಗೆಯುವ ಚಾಳಿಯನ್ನು ಸೌಂಡ್‌ನವರು ಬಿಡಬೇಕು, ವೇದಿಕೆಯ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇರಲೇಬೇಕು. ಕಾರ್ಯಕ್ರಮ ಶುರುವಾಗುವ ಮೊದಲು ಮಲ್ಟಿಮೀಟರನ್ನು ಏಸಿ ವೋಲ್ಟಿನಲ್ಲಿಟ್ಟು, ಕಡ್ಡಿಗಳ ಪ್ಲಾಸ್ಟಿಕ್ ಹಿಡಿ ಮಾತ್ರ ಹಿಡಿದು, ಗಿಟಾರಿನ ತಂತಿಗೂ ಮೈಕಿನ ಜಾಲರಿಗೂ ತಾಗಿಸಿ ನೋಡಿ. ಒಂದೆರಡು ವೋಲ್ಟಿದ್ದರೆ ಸರಿ. ಹತ್ತಾರು ವೋಲ್ಟ್ ತೋರಿಸಿದರೆ ಎರಡೂ ಉಪಕರಣಗಳನ್ನು ಅರ್ಥ್ ಇರುವ ಒಂದೇ ಬೋರ್ಡಿಗೆ ತಂದು, ಇನ್ನೊಮ್ಮೆ ಅಳೆದ ಬಳಿಕವೇ ನುಡಿಸಲು ಬಿಡಿ.

ಇಂತಿ,
ಗಿಟಾರ್ ರಿಪೇರಿಯ ಗೆಳೆಯರು
ಕುಂಬಳೆ, ಕಾಸರಗೋಡು ಜಿಲ್ಲೆ